ಮೇಲಿನ ಮನೆ ಸದ್ದು, ಕೆಳಗಿನ ಮನೆ ದೂರು: ಮಾಲೀಕರು ಎಲ್ಲಿಂದ ಶುರು ಮಾಡಬೇಕು?

ಎರಡು ಮನೆ ಮಾಲೀಕ

ಒಂದರ ಮೇಲೊಂದು ಎರಡು ಮನೆ, ಎರಡೂ ಬಾಡಿಗೆಗೆ ಕೊಟ್ಟಿರುವುದು. ಕೆಳಗಿನವರ ದೂರು ಇಷ್ಟು: ರಾತ್ರಿ ಹನ್ನೊಂದರ ಮೇಲೆ ತಲೆ ಮೇಲೆ ದಡದಡ ಓಡಾಡುವ ಸದ್ದು, ಕುರ್ಚಿ ಎಳೆಯುವ ಕರಕರ, ಬೆಳಗಿನ ಜಾವ ಗುಂಯ್ ಅನ್ನುವ ಸದ್ದು. ಮೇಲಿನವರು ‘ನಾವು ಹತ್ತೂವರೆಗೆ ದೀಪ ಆರಿಸಿ ಮಲಗ್ತೀವಿ’ ಅನ್ನುತ್ತಾರೆ. ಇಬ್ಬರೂ ಬಾಡಿಗೆ ತಪ್ಪಿಸಿದವರಲ್ಲ. ಇಂಥ ಹೊತ್ತಿನಲ್ಲಿ ಮಾಲೀಕರಾದವರು ಮೊದಲು ಯಾರ ಹತ್ತಿರ ಮಾತಾಡಬೇಕು, ಏನೇನು ಬರೆದಿಡಬೇಕು, ನೋಟಿಸ್ ತನಕ ಯಾವಾಗ ಹೋಗಬೇಕು? ಗೊತ್ತಿರುವವರು ಬಿಡಿಸಿ ಹೇಳಿ.

ಬಾಡಿಗೆ ಕಡತ

ಯಾರು ನಿಜ ಹೇಳುತ್ತಿದ್ದಾರೆ ಅನ್ನುವುದನ್ನು ಸದ್ಯಕ್ಕೆ ಪಕ್ಕಕ್ಕಿಡಿ ಸರ್. ಸದ್ದಿನ ದೂರಿನಲ್ಲಿ ಇಬ್ಬರೂ ನಿಜವನ್ನೇ ಹೇಳುತ್ತಿರುವುದು ತೀರಾ ಸಾಮಾನ್ಯ. ನೀವು ಹಿಡಿಯಬೇಕಾದ್ದು ಸದ್ದು ಯಾವುದು, ಯಾವ ದಾರಿಯಲ್ಲಿ ಬರುತ್ತಿದೆ ಅನ್ನುವುದನ್ನು. ಅದು ಗೊತ್ತಾಗುವ ಮುಂಚೆ ಮೇಲಿನ ಮನೆಗೆ ಫೋನ್ ಮಾಡಿ ‘ಸ್ವಲ್ಪ ಗಲಾಟೆ ಕಡಿಮೆ ಮಾಡಿ’ ಅಂದಿರೋ, ಆ ಕ್ಷಣದಿಂದ ನೀವು ಒಂದು ಕಡೆಯವರು. ಆಮೇಲೆ ನೀವು ಎಷ್ಟು ನ್ಯಾಯವಾಗಿ ನಡೆದುಕೊಂಡರೂ ಮೇಲಿನವರು ನಂಬುವುದಿಲ್ಲ.

ದೂರು ಬಂದ 24 ಗಂಟೆಯೊಳಗೆ ಬರಹದಲ್ಲಿ ಉತ್ತರ ಕೊಡಿ, ವಾಟ್ಸಾಪ್ ಆದರೂ ಸಾಕು. ಅದರಲ್ಲಿ ತೀರ್ಪೂ ಬೇಡ, ಭರವಸೆಯೂ ಬೇಡ. ‘ನಿಮ್ಮ ದೂರು ತಲುಪಿದೆ. ಸದ್ದು ಎಲ್ಲಿಂದ ಬರುತ್ತಿದೆ ಅಂತ ನೋಡಲು ಕೆಳಗಿನ ವಿವರ ಬೇಕು. ಇಂಥ ತಾರೀಕಿಗೆ ಬಂದು ನೋಡುತ್ತೇನೆ.’ ಇಷ್ಟೇ. ‘ನಾನು ಅವರಿಗೆ ಬುದ್ಧಿ ಹೇಳ್ತೀನಿ, ನೀವು ಚಿಂತೆ ಮಾಡ್ಬೇಡಿ’ ಅನ್ನುವ ಮಾತು ಎಷ್ಟೇ ಪ್ರೀತಿಯಿಂದ ಹೇಳಿದರೂ ಮುಂದೆ ನಿಮ್ಮ ಕೈ ಕಟ್ಟುತ್ತದೆ.

ವಿವರಕ್ಕೆ ಒಂದು ಹಾಳೆ ಮಾಡಿ ಕೊಡಿ. ತಾರೀಕು, ಶುರುವಾದ ಹೊತ್ತು, ನಿಂತ ಹೊತ್ತು, ಯಾವ ಕೋಣೆಯಲ್ಲಿ ಕೇಳಿಸಿತು, ಆಗ ಕಿಟಕಿ ತೆರೆದಿತ್ತೇ ಮುಚ್ಚಿತ್ತೇ, ಸದ್ದು ಹೇಗಿತ್ತು. ಕೊನೆಯ ಕಾಲಂ ಮುಖ್ಯ. ‘ಗಲಾಟೆ’, ‘ಹಿಂಸೆ’ ಅಂತ ಬರೆದರೆ ಏನೂ ಗೊತ್ತಾಗುವುದಿಲ್ಲ. ‘ಧಡ್ ಅಂತ ಒಂದೇ ಸಲ’, ‘ಎಳೆದ ಹಾಗೆ ಎರಡು ಸೆಕೆಂಡು’, ‘ಒಂದೇ ಸಮನೆ ಗುಂಯ್, 20 ನಿಮಿಷ’, ‘ಮಾತು ಕೇಳುತ್ತೆ ಆದರೆ ಪದ ತಿಳಿಯಲ್ಲ’ ಹೀಗಿರಬೇಕು. ಏನೂ ಕೇಳಿಸದ ದಿನವನ್ನೂ ಬರೆಯಬೇಕು, ಅದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಸದ್ದಿಲ್ಲದ ದಿನ ಮೇಲಿನವರು ಊರಲ್ಲಿ ಇರಲಿಲ್ಲ ಅಂತಾದರೆ ಅದು ದೊಡ್ಡ ಸುಳಿವು. ಅವರು ಊರಲ್ಲಿಲ್ಲದ ದಿನವೂ ಸದ್ದು ಬಂದಿದ್ದರೆ ಅದಕ್ಕಿಂತ ದೊಡ್ಡ ಸುಳಿವು. ಹಾಳೆ 14 ದಿನ ತುಂಬಲಿ.

ಸ್ಲ್ಯಾಬ್ ಸದ್ದು

ಕಡತದವರು ಹೇಳಿದ ‘ಯಾವ ದಾರಿ’ ಅನ್ನುವುದರ ಮೇಲೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಮನಸ್ತಾಪ ಹುಟ್ಟುವುದೇ ಇಲ್ಲಿ.

ಮನೆಯಿಂದ ಮನೆಗೆ ಸದ್ದು ಎರಡು ಬಗೆಯಲ್ಲಿ ದಾಟುತ್ತದೆ. ಮಾತು, ಟಿವಿ, ಹಾಡು ಗಾಳಿಯಲ್ಲಿ ಹೋಗಿ ಗೋಡೆಗೆ ಬಡಿದು ಆ ಕಡೆ ದಾಟುವುದು ಒಂದು. ಹಿಮ್ಮಡಿ, ಕುರ್ಚಿ ಕಾಲು, ಬಿದ್ದ ಪಾತ್ರೆ ನೇರವಾಗಿ ನೆಲಕ್ಕೇ ಬಡಿದು ಕಾಂಕ್ರೀಟ್‌ನೊಳಗೇ ಹರಿಯುವುದು ಇನ್ನೊಂದು. 150 ಮಿ.ಮೀ. ಸ್ಲ್ಯಾಬ್ ಮೊದಲನೆಯದನ್ನು ಚೆನ್ನಾಗಿ ತಡೆಯುತ್ತದೆ, ಸುಮಾರು 50 ಡೆಸಿಬಲ್‌ನಷ್ಟು. ಎರಡನೆಯದಕ್ಕೆ ಅದೇ ಸ್ಲ್ಯಾಬ್ ದೊಡ್ಡ ತಮಟೆಯ ಹಾಗೆ. ಅದರ ಮೇಲೆ ಬರೀ ಟೈಲ್ಸ್ ಇದ್ದರಂತೂ ಕೇಳುವುದೇ ಬೇಡ. ಹಾಗಾಗಿ ಮೇಲಿನವರ ಟಿವಿ ಕೇಳದ ಮನೆಯಲ್ಲೂ ಅವರ ಹಿಮ್ಮಡಿ ಕೇಳುತ್ತದೆ. ‘ನಾವು ಮಾತೂ ಜೋರಾಗಿ ಆಡಲ್ಲ’ ಅನ್ನುವ ಮೇಲಿನವರ ಮಾತೂ ನಿಜ, ‘ನಿದ್ದೆ ಇಲ್ಲ’ ಅನ್ನುವ ಕೆಳಗಿನವರ ಮಾತೂ ನಿಜ.

ಕಾಂಕ್ರೀಟ್‌ನಲ್ಲಿ ಹರಿದ ಸದ್ದು ಎಲ್ಲಿಂದ ಬಂತು ಅಂತ ಕಿವಿ ಸರಿಯಾಗಿ ಹೇಳಲಾರದು. ಪಕ್ಕದ ಮನೆಯ, ಓರೆಯಲ್ಲಿರುವ ಮನೆಯ, ಕೆಳಗಿನ ಮನೆಯ ಸದ್ದೂ ತಲೆ ಮೇಲಿಂದಲೇ ಬಂದ ಹಾಗೆ ಅನ್ನಿಸುತ್ತದೆ, ಕಂಬ ತೊಲೆಗಳಲ್ಲಿ ಹರಿದು ಕೊನೆಗೆ ನಮ್ಮ ಸೂರೇ ಅಲುಗಿ ಸದ್ದು ಹೊರಡಿಸುವುದರಿಂದ.

ಇದನ್ನು ಪರೀಕ್ಷೆ ಮಾಡಲು ಅರ್ಧ ಗಂಟೆ ಸಾಕು. ಇಬ್ಬರು ಬೇಕು. ಮೇಲಿನ ಮನೆಯಲ್ಲಿ ಒಬ್ಬರು ಒಂದು ಚೀಟಿ ಇಟ್ಟುಕೊಳ್ಳಲಿ: 1ನೇ ನಿಮಿಷ ಬರಿಗಾಲಲ್ಲಿ ನಡಿಗೆ, 3ನೇ ನಿಮಿಷ ಕುರ್ಚಿ ಎಳೆತ, 5ನೇ ನಿಮಿಷ ಏನೂ ಇಲ್ಲ, 7ನೇ ನಿಮಿಷ ಬಾಗಿಲು ಹಾಕುವುದು, 9ನೇ ನಿಮಿಷ ಮತ್ತೆ ಏನೂ ಇಲ್ಲ, 11ನೇ ನಿಮಿಷ ಕಪಾಟಿನ ಡ್ರಾಯರ್, ಹೀಗೆ. ಕೆಳಗಿನ ಮನೆಯಲ್ಲಿ ಕೂತವರಿಗೆ ಆ ಚೀಟಿ ತೋರಿಸಕೂಡದು. ಅವರು ಗಡಿಯಾರ ನೋಡಿಕೊಂಡು ಕೇಳಿಸಿದ್ದನ್ನು ಬರೆಯಲಿ, ‘ದೂರಿನ ಸದ್ದು ಇದೇ’ ಅನ್ನಿಸಿದ ಕಡೆ ಗುರುತು ಹಾಕಲಿ. ಆಮೇಲೆ ಎರಡೂ ಹಾಳೆ ಜೋಡಿಸಿ. ನಡುವೆ ಇಟ್ಟ ಖಾಲಿ ನಿಮಿಷಗಳನ್ನು ಬಿಡಬೇಡಿ. ಖಾಲಿ ನಿಮಿಷದಲ್ಲೂ ‘ಕೇಳಿಸಿತು’ ಅಂತ ಬರೆದಿದ್ದರೆ ಸದ್ದು ಬೇರೆ ಕಡೆಯದಿರಬಹುದು, ಇಲ್ಲವೇ ಕಿವಿಯ ಊಹೆ ಇರಬಹುದು.

ಹಗಲು ಬೀದಿಯ ಸದ್ದು ಎಲ್ಲವನ್ನೂ ಮುಚ್ಚಿಬಿಡುತ್ತದೆ. ರಾತ್ರಿ ಎಂಟೂವರೆ ಒಂಬತ್ತರ ಹೊತ್ತಿಗೆ, ಫ್ಯಾನ್ ಟಿವಿ ಆರಿಸಿ ಮಾಡಿ.

ಎರಡು ಮನೆ ಮಾಲೀಕ

ಚೀಟಿ ಪರೀಕ್ಷೆ ಮಾಡಿಸುತ್ತೇನೆ. ಇನ್ನೊಂದು ಪ್ರಶ್ನೆ. ಕೆಳಗಿನವರು ಮೊಬೈಲ್ ಆ್ಯಪ್‌ನಲ್ಲಿ ಅಳೆದು 38 ಡೆಸಿಬಲ್ ಅಂತ ಸ್ಕ್ರೀನ್‌ಶಾಟ್ ಕಳಿಸಿದ್ದಾರೆ, ಜೊತೆಗೆ ಒಂದು ಆಡಿಯೋ. 38 ಅಂದರೆ ಜಾಸ್ತಿಯೋ ಕಡಿಮೆಯೋ? ಇದನ್ನು ಪುರಾವೆ ಅಂತ ಇಟ್ಟುಕೊಳ್ಳಬಹುದೇ?

ಸ್ಲ್ಯಾಬ್ ಸದ್ದು

ಹೊತ್ತಿನ ಪುರಾವೆ ಅಂತ ಇಟ್ಟುಕೊಳ್ಳಿ, ಅಳತೆ ಅಂತ ಬೇಡ.

ಮೊಬೈಲ್ ಮೈಕ್ ಮಾತಿಗೆ ಮಾಡಿದ್ದು. ಒಂದೇ ಸದ್ದಿಗೆ ಎರಡು ಫೋನ್ ಬೇರೆ ಬೇರೆ ಅಂಕಿ ತೋರಿಸುತ್ತವೆ. ಅದಕ್ಕಿಂತ ಮುಖ್ಯವಾದ ಕಾರಣ ಬೇರೆ: ಈ ಆ್ಯಪ್‌ಗಳು ಸಾಮಾನ್ಯವಾಗಿ ‘ಎ’ ತೂಕದಲ್ಲಿ, ಅಂದರೆ ಕೆಳ ಶ್ರುತಿಯ ಸದ್ದನ್ನು ಕಡಿಮೆ ಎಣಿಸುವ ಲೆಕ್ಕದಲ್ಲಿ ಅಳೆಯುತ್ತವೆ. ಆ ಲೆಕ್ಕದಲ್ಲಿ 100 ಹರ್ಟ್ಜ್‌ನ ಸದ್ದಿಗೆ ಸುಮಾರು 19 ಡೆಸಿಬಲ್, 50 ಹರ್ಟ್ಜ್‌ನ ಸದ್ದಿಗೆ ಸುಮಾರು 30 ಡೆಸಿಬಲ್ ಕಳೆದು ತೋರಿಸುತ್ತಾರೆ. ಪಂಪಿನ ಗುಂಯ್, ಹಾಡಿನ ಬೇಸ್, ಹಿಮ್ಮಡಿಯ ಧಡ್ ಎಲ್ಲವೂ ಈ ಕೆಳ ಶ್ರುತಿಯವೇ. ಎದೆಗೆ ಗುದ್ದಿದ ಹಾಗಿದ್ದರೂ ಆ್ಯಪ್ ಸಣ್ಣ ಅಂಕಿ ತೋರಿಸುತ್ತದೆ. ‘38 ತಾನೇ, ಏನಾಯ್ತು’ ಅಂತ ಅವರ ದೂರನ್ನು ತಳ್ಳಿಹಾಕಬೇಡಿ.

ಆಡಿಯೋದ್ದು ಇದಕ್ಕೆ ತದ್ವಿರುದ್ಧ. ಸುತ್ತ ಸದ್ದಿಲ್ಲದಿದ್ದಾಗ ರೆಕಾರ್ಡರ್ ತಾನಾಗಿಯೇ ಸದ್ದನ್ನು ಹಿಗ್ಗಿಸಿಕೊಳ್ಳುತ್ತದೆ, ಪಿಸುಗುಟ್ಟಿದ್ದೂ ಕೂಗಿದ ಹಾಗೆ ಕೇಳುತ್ತದೆ. ಯಾವ ಬಗೆಯ ಸದ್ದು ಅಂತ ತಿಳಿಯಲು ಆಡಿಯೋ ಒಳ್ಳೆಯದು, ಎಷ್ಟು ಜೋರು ಅನ್ನುವುದಕ್ಕೆ ಪ್ರಯೋಜನವಿಲ್ಲ.

ಅಂಕಿಯ ಅಂದಾಜಿಗೆ: ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲಿ ಮಲಗುವ ಕೋಣೆಯೊಳಗೆ ರಾತ್ರಿ ಸರಾಸರಿ 30 ಡೆಸಿಬಲ್, ಬಿಡಿ ಬಿಡಿ ಸದ್ದು 45 ಡೆಸಿಬಲ್ ದಾಟಬಾರದು ಅಂತ ಹೇಳಿದೆ. ಅದು ನಿದ್ದೆ ಕೆಡದಿರಲು ಕೊಟ್ಟ ಸಲಹೆ. ಕಾನೂನಿನ ಮಿತಿ ಒಂದೊಂದು ಕಡೆ ಒಂದೊಂದು, ಅದನ್ನು ನಿಮ್ಮಲ್ಲೇ ಕೇಳಿಕೊಳ್ಳಬೇಕು. ಡೆಸಿಬಲ್ ಕೂಡಿ ಕಳೆಯುವ ಲೆಕ್ಕವಲ್ಲ ಅನ್ನುವುದೂ ನೆನಪಿರಲಿ: 10 ಡೆಸಿಬಲ್ ಹೆಚ್ಚಾದರೆ ಕಿವಿಗೆ ಸುಮಾರು ಎರಡರಷ್ಟು ಜೋರು ಅನ್ನಿಸುತ್ತದೆ.

ಕೆಳಮನೆ ಕಿವಿ

ಬಾಡಿಗೆದಾರರ ಕಡೆಯಿಂದ ಒಂದು ಮಾತು. 14 ದಿನ ಹಾಳೆ ತುಂಬಿಸಿ ಅನ್ನುವುದು ಮಾಲೀಕರಿಗೆ ಸುಲಭ, ನಿದ್ದೆಗೆಟ್ಟವರಿಗೆ ಅದು ‘ಇನ್ನೂ ಎರಡು ವಾರ ಅನುಭವಿಸಿ’ ಅಂದ ಹಾಗೆ. ರಾತ್ರಿ ಎರಡಕ್ಕೆ ಎದ್ದು ಕಾಲಂ ತುಂಬುತ್ತಾ ಕೂತರೆ ಕಿವಿ ಇನ್ನಷ್ಟು ಚುರುಕಾಗಿ, ಮೊದಲು ಕೇಳದ ಸದ್ದೂ ಕೇಳತೊಡಗುತ್ತದೆ. ಐದು ದಿನ ಸಾಲದೇ? ಮತ್ತೆ, ದೂರು ಕೊಟ್ಟವರು ಯಾರು ಅಂತ ಮೇಲಿನವರಿಗೆ ಗೊತ್ತಾದರೆ ಮರುದಿನದಿಂದ ಬೇಕೆಂದೇ ಕುಟ್ಟುವುದು ಶುರುವಾಗುತ್ತದೆ. ಅದಕ್ಕೇನು ಮಾಡುತ್ತೀರಿ?

ಬಾಡಿಗೆ ಕಡತ

ಕೆಳಮನೆಯವರ ಮಾತು ಒಪ್ಪಬೇಕಾದ್ದೇ. ಸದ್ದು ದಿನಾ ಬರುತ್ತಿದ್ದರೆ ಐದು ರಾತ್ರಿ ಸಾಕು. 14 ದಿನ ಬೇಕಾಗುವುದು ವಾರಕ್ಕೆ ಒಂದೆರಡು ಸಲ ಬರುವ ಸದ್ದಿಗೆ, ಎರಡು ಶನಿವಾರ ಭಾನುವಾರ ಅದರೊಳಗೆ ಸಿಗಲಿ ಅಂತ. ರಾತ್ರಿಯೇ ಬರೆಯಬೇಕೆಂದೂ ಇಲ್ಲ. ಫೋನಿನಲ್ಲಿ ತಮಗೇ ಒಂದು ಮೆಸೇಜ್ ಹಾಕಿಕೊಂಡರೆ ಹೊತ್ತು ತಾನಾಗಿ ದಾಖಲಾಗುತ್ತದೆ, ಬೆಳಿಗ್ಗೆ ಹಾಳೆಗೆ ಇಳಿಸಬಹುದು. ಹಾಳೆ ತುಂಬುವ ತನಕ ಮಾಲೀಕರು ಸುಮ್ಮನೆ ಕೂರಬೇಕಿಲ್ಲ, ಚೀಟಿ ಪರೀಕ್ಷೆ ಮೊದಲ ವಾರದಲ್ಲೇ ಆಗಲಿ.

ಹೆಸರಿನ ವಿಷಯ. ಎರಡೇ ಮನೆ ಇದ್ದಾಗ ಗುಟ್ಟು ನಿಲ್ಲುವುದಿಲ್ಲ, ನಿಲ್ಲುತ್ತದೆ ಅಂತ ಮಾತು ಕೊಡಲೂಬೇಡಿ. ಆದರೆ ದೂರಿನ ಮೆಸೇಜನ್ನು ಹಾಗೇ ಫಾರ್ವರ್ಡ್ ಮಾಡುವುದು, ಮೂವರನ್ನೂ ಸೇರಿಸಿ ಒಂದು ವಾಟ್ಸಾಪ್ ಗುಂಪು ಮಾಡುವುದು, ಇವೆರಡು ಮಾತ್ರ ಖಂಡಿತ ಬೇಡ. ನಿದ್ದೆಗಣ್ಣಲ್ಲಿ ಬರೆದ ಮಾತು ಒರಟಾಗಿರುತ್ತದೆ, ಅದನ್ನು ಓದಿದವರು ಸದ್ದನ್ನು ಮರೆತು ಮಾತಿಗೆ ಜಗಳಕ್ಕೆ ನಿಲ್ಲುತ್ತಾರೆ.

ಮೇಲಿನವರಿಗೆ ಕಳಿಸುವ ಮೊದಲ ಮೆಸೇಜ್ ಹೀಗಿರಲಿ: ‘ಕಟ್ಟಡದಲ್ಲಿ ಸದ್ದು ಹೇಗೆ ದಾಟುತ್ತದೆ ಅಂತ ನೋಡಿಸುತ್ತಿದ್ದೇನೆ. ಇಂಥ ದಿನ ರಾತ್ರಿ 8.30ಕ್ಕೆ ಅರ್ಧ ಗಂಟೆ ನಿಮ್ಮ ಮನೆಗೆ ಬರಬಹುದೇ? ನೆಲ, ಕುರ್ಚಿ ಕಾಲು, ಬಾಗಿಲು ನೋಡಬೇಕು. ನಿಮಗೂ ಯಾವುದಾದರೂ ಸದ್ದು ತೊಂದರೆ ಕೊಡುತ್ತಿದ್ದರೆ ತಿಳಿಸಿ.’ ಕೊನೆಯ ವಾಕ್ಯ ಮರೆಯಬೇಡಿ. ಎಷ್ಟೋ ಸಲ ಅವರಿಗೂ ಒಂದು ದೂರಿರುತ್ತದೆ, ಯಾರೂ ಕೇಳಿರುವುದಿಲ್ಲ. ಮನೆಯೊಳಗೆ ಹೋಗಲು ಕಡಿಮೆ ಅಂದರೆ 24 ಗಂಟೆ ಮೊದಲು ಹೇಳಿ, ಅವರು ಒಪ್ಪಿದ ಮೇಲೆ ಹೋಗಿ. ಮಾಲೀಕರು ಅನ್ನುವ ಕಾರಣಕ್ಕೆ ರಾತ್ರಿ ಹನ್ನೊಂದಕ್ಕೆ ಬಾಗಿಲು ತಟ್ಟುವ ಹಕ್ಕು ಬರುವುದಿಲ್ಲ.

ಬೇಕೆಂದೇ ಕುಟ್ಟುವುದು ಶುರುವಾದರೆ ಅದು ಹೊಸ ವಿಷಯ, ಅದಕ್ಕೆ ಬೇರೆ ಹಾಳೆ. ಆಗ ‘ಕಟ್ಟಡದ ತೊಂದರೆ’ ಅನ್ನುವ ರಿಯಾಯಿತಿ ಇರುವುದಿಲ್ಲ. ಕೆಳಗಿನವರಿಗೂ ಹೇಳಿ, ಪೊರಕೆ ಕೋಲಿನಿಂದ ಸೂರು ಕುಟ್ಟಿ ಉತ್ತರ ಕೊಡಬಾರದು ಅಂತ. ಅದೂ ಹಾಳೆಯಲ್ಲಿ ದಾಖಲಾಗುವ ಸದ್ದೇ.

ಪೈಪು ಪಂಪು

ಬೆಳಗಿನ ಜಾವದ ಗುಂಯ್ ಬಗ್ಗೆ ಯಾರೂ ಬರೆದಿಲ್ಲ. ಅದು ಮನುಷ್ಯರ ಸದ್ದು ಅಲ್ಲ, ಯಂತ್ರದ್ದು ಅಂತ ಈಗಲೇ ಅನ್ನಿಸುತ್ತಿದೆ. ಒಂದೇ ಸಮನೆ ಹತ್ತಿಪ್ಪತ್ತು ನಿಮಿಷ ಇದ್ದು ಥಟ್ಟನೆ ನಿಂತರೆ ನೀರಿನ ಪಂಪು. ಮೊದಲು ನಿಧಾನ, ಆಮೇಲೆ ಏರುತ್ತಾ ಹೋಗಿ ನಡುವೆ ಒಮ್ಮೆ ಗಡಗಡ ಅಲುಗಿ ಮತ್ತೆ ಸಮ ಆದರೆ ವಾಷಿಂಗ್ ಮಷೀನ್ ಹಿಂಡುವ ಹೊತ್ತು. ಟಕ್ ಅಂತ ಒಂದೇ ಏಟು ಗೋಡೆಯೊಳಗಿಂದ ಬಂದರೆ ನೀರಿನ ಹೊಡೆತ. ದಿನಾ ಅದೇ ಹೊತ್ತಿಗೆ ಬರುತ್ತಿದ್ದರೆ ಯಾವುದೋ ಟೈಮರ್ ಅಥವಾ ತಾನಾಗಿ ಆನ್ ಆಗುವ ಟ್ಯಾಂಕ್ ಸ್ವಿಚ್ ಇದೆ ಅಂತ ಅರ್ಥ. ಸುಮ್ಮನೆ ಸ್ವಿಚ್ ಆರಿಸಿ ನೋಡಿದರೆ ಒಂದೇ ದಿನದಲ್ಲಿ ತೀರ್ಮಾನ.

ಪಂಪು: ಮೋಟರನ್ನು ನೇರವಾಗಿ ಸಿಮೆಂಟ್ ಕಟ್ಟೆಗೆ ಬೋಲ್ಟ್ ಹಾಕಿದ್ದರೆ ಅದರ ನಡುಕವೆಲ್ಲ ಕಟ್ಟಡಕ್ಕೆ ಇಳಿಯುತ್ತದೆ. ಕೆಳಗೆ ರಬ್ಬರ್ ಪ್ಯಾಡ್ ಬೇಕು, ಆದರೆ ಯಾವುದೋ ಒಂದು ತುಂಡು ಹಾಕಿದರೆ ಸಾಲದು. ಲೆಕ್ಕ ಇಷ್ಟೇ: ಯಂತ್ರದ ಭಾರಕ್ಕೆ ಪ್ಯಾಡ್ ಎಷ್ಟು ಮಿಲಿಮೀಟರ್ ಕುಸಿಯುತ್ತದೆ ನೋಡಿ. 1 ಮಿ.ಮೀ. ಕುಸಿದರೆ ಆ ಜೋಡಣೆಯ ಸ್ವಂತ ಕಂಪನ, ಅಂದರೆ ತಟ್ಟಿ ಬಿಟ್ಟರೆ ಅದು ತಾನಾಗಿ ಅಲುಗುವ ವೇಗ, ಸೆಕೆಂಡಿಗೆ ಸುಮಾರು 16. ನಿಮಿಷಕ್ಕೆ 2,900 ಸುತ್ತುವ ಮೋಟರ್ ಅಂದರೆ ಸೆಕೆಂಡಿಗೆ 48. ಮೋಟರಿನ ವೇಗ ಸ್ವಂತ ಕಂಪನಕ್ಕಿಂತ ಮೂರು ಪಟ್ಟು ದೂರವಿದೆ, ಹಾಗಾಗಿ ಪ್ಯಾಡ್ ಕೆಲಸ ಮಾಡುತ್ತದೆ. ಕುಸಿಯದಷ್ಟು ಗಟ್ಟಿ ರಬ್ಬರ್ ಹಾಕಿದರೆ ಹಾಕಿಯೂ ಹಾಕದ ಹಾಗೆ. ಪ್ಯಾಡ್ ಹಾಕಿದ ಮೇಲೆ ಬೋಲ್ಟ್ ಪೂರ್ತಿ ಬಿಗಿದು ರಬ್ಬರನ್ನು ಅಪ್ಪಚ್ಚಿ ಮಾಡುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಬೋಲ್ಟ್ ತಲೆಯ ಕೆಳಗೂ ರಬ್ಬರ್ ವಾಷರ್ ಇರಬೇಕು, ಇಲ್ಲದಿದ್ದರೆ ನಡುಕ ಬೋಲ್ಟ್ ಹಿಡಿದೇ ಇಳಿಯುತ್ತದೆ.

ಪ್ಯಾಡ್ ಹಾಕಿಯೂ ಸದ್ದು ಹೋಗಲಿಲ್ಲ ಅಂದರೆ ಪೈಪ್ ನೋಡಿ. ಪಂಪಿನಿಂದ ಹೊರಟ ಪೈಪಿಗೆ ಒಂದು ತುಂಡು ಬಾಗುವ ರಬ್ಬರ್ ಜೋಡಣೆ ಇರಬೇಕು. ಗೋಡೆಗೆ ಹಿಡಿದ ಕ್ಲಾಂಪ್‌ಗಳ ಒಳಗೆ ರಬ್ಬರ್ ಪಟ್ಟಿ ಇರಬೇಕು. ಪೈಪ್ ಗೋಡೆ ತೂರಿ ಹೋಗುವ ಕಡೆ ಸಿಮೆಂಟ್ ಮೆತ್ತಿ ಗಟ್ಟಿ ಮಾಡಿದ್ದರೆ ಅದನ್ನು ಬಿಡಿಸಿ, ಸುತ್ತ ಸಂದು ಬಿಟ್ಟು ಮೆತ್ತನೆಯ ಸೀಲೆಂಟ್ ತುಂಬಬೇಕು. ಪೈಪ್ ಮೇಲೆ ಬೆರಳಿಟ್ಟು ಪಂಪು ಆನ್ ಮಾಡಿಸಿದರೆ ನಡುಕ ಎಲ್ಲಿಯ ತನಕ ಬರುತ್ತಿದೆ ಅಂತ ಕೈಗೇ ಗೊತ್ತಾಗುತ್ತದೆ.

ವಾಷಿಂಗ್ ಮಷೀನ್: ನಿಮಿಷಕ್ಕೆ 1,200 ಸುತ್ತು ಅಂದರೆ ಸೆಕೆಂಡಿಗೆ 20. ಇದನ್ನು ಸಣ್ಣ ಪ್ಯಾಡ್‌ನಿಂದ ಹಿಡಿಯುವುದು ಕಷ್ಟ, ಪ್ಯಾಡ್ ಸುಮಾರು 5 ಮಿ.ಮೀ. ಕುಸಿದರೆ ಮಾತ್ರ ಮೂರು ಪಟ್ಟು ದೂರ ಸಿಗುತ್ತದೆ. ಕುಸಿತ 1 ಮಿ.ಮೀ. ಆಸುಪಾಸಿನಲ್ಲೇ ನಿಂತರೆ ಸ್ವಂತ ಕಂಪನ 20ರ ಹತ್ತಿರಕ್ಕೇ ಬಂದು ನಡುಕ ಮೊದಲಿಗಿಂತ ಹೆಚ್ಚುತ್ತದೆ. ಅದಕ್ಕೇ ಮೊದಲು ಬೇರೆ ಕಡೆ ನೋಡಿ. ನಾಲ್ಕೂ ಕಾಲು ನೆಲಕ್ಕೆ ತಾಗಿವೆಯೇ, ಮಟ್ಟಗೋಲು ಇಟ್ಟರೆ ಗುಳ್ಳೆ ನಡುವೆ ನಿಲ್ಲುತ್ತದೆಯೇ, ಕಾಲಿನ ಲಾಕ್ ನಟ್ ಬಿಗಿಯಾಗಿದೆಯೇ. ಮುಂದಿನಿಂದ ಬಟ್ಟೆ ಹಾಕುವ ಮಷೀನ್ ಹೊಸದಾಗಿದ್ದರೆ ಹಿಂಭಾಗದ ಸಾಗಣೆ ಬೋಲ್ಟ್ ತೆಗೆದಿದ್ದಾರೆಯೇ ಅಂತ ತಪ್ಪದೆ ನೋಡಿ. ಅವನ್ನು ತೆಗೆಯದೆ ಓಡಿಸಿದರೆ ಮಷೀನ್ ನೆಲದ ಮೇಲೆ ನಡೆದಾಡುತ್ತದೆ. ಒಂದೇ ದಪ್ಪ ಹೊದಿಕೆ ಹಾಕಿ ಹಿಂಡಿದರೂ ಭಾರ ಒಂದು ಕಡೆ ಕೂತು ಅದೇ ಗಡಗಡ.

ನೀರಿನ ಹೊಡೆತ: ಮಷೀನಿನ ವಾಲ್ವ್ ಥಟ್ಟನೆ ಮುಚ್ಚಿದಾಗ ಹರಿಯುತ್ತಿದ್ದ ನೀರು ಪೈಪಿಗೆ ಗುದ್ದುತ್ತದೆ. ಸಡಿಲವಾದ ಕ್ಲಾಂಪ್ ಬಿಗಿಸಿ, ಸಾಲದಿದ್ದರೆ ವಾಲ್ವ್‌ಗೆ ಆದಷ್ಟು ಹತ್ತಿರದಲ್ಲಿ ಹೊಡೆತ ತಡೆಯುವ ಅರೆಸ್ಟರ್ ಹಾಕಿಸಿ. ದೂರದಲ್ಲಿ ಹಾಕಿದರೆ ಉಪಯೋಗವಿಲ್ಲ.

ಎರಡು ಮನೆ ಮಾಲೀಕ

ಪರೀಕ್ಷೆ ಆಯಿತು. ಕುರ್ಚಿ, ಡ್ರಾಯರ್ ಸದ್ದು ನಿಖರವಾಗಿ ಹೊಂದಿದವು. ನಡಿಗೆಯೂ ಕೇಳಿಸಿದೆ, ಆದರೆ ‘ಇಷ್ಟು ಜೋರಿರಲ್ಲ’ ಅಂತ ಬರೆದಿದ್ದಾರೆ. ಗುಂಯ್ ಪಂಪಿನದೇ, ಸ್ವಿಚ್ ಆರಿಸಿದ ದಿನ ಬರಲಿಲ್ಲ. ಈಗ ಖರ್ಚು ಯಾರು ಹಾಕಬೇಕು? ಕುರ್ಚಿಗೆ ಏನು ಹಾಕಿದರೆ ನಿಲ್ಲುತ್ತದೆ?

ಬಾಡಿಗೆ ಕಡತ

ಕಟ್ಟಡದ್ದು ಮಾಲೀಕರದು, ಬಳಕೆಯದ್ದು ಬಳಸುವವರದು. ಪಂಪು, ಪೈಪು, ಬಾಗಿಲ ಸಂದು, ನೆಲ ನಿಮ್ಮ ಖರ್ಚು. ಕುರ್ಚಿ ಮೇಲಿನವರದು. ಆದರೂ ಮೊದಲ ಸಲದ ಫೆಲ್ಟ್ (ಕುರ್ಚಿ ಕಾಲಿನ ಅಡಿಗೆ ಹಾಕುವ ಮೆತ್ತನೆ ಬಟ್ಟೆಯಂಥ ತುಂಡು) ನೀವೇ ತಂದು ಹಚ್ಚಿಸಿ. ಅಷ್ಟು ಸಣ್ಣ ಸಾಮಾನಿಗೆ ‘ನೀವು ಕೊಡಿ, ನಾನ್ಯಾಕೆ’ ಅಂತ ಹದಿನೈದು ದಿನ ಎಳೆದಾಡಿದರೆ ಅಷ್ಟೂ ರಾತ್ರಿ ಕೆಳಗಿನವರ ನಿದ್ದೆ ಕೆಟ್ಟಿರುತ್ತದೆ. ಬಾಡಿಗೆಯಲ್ಲಿ ಇಷ್ಟು ಕಡಿಮೆ ಮಾಡ್ತೀನಿ ಸುಮ್ಮನಿರಿ ಅಂತ ಕೆಳಗಿನವರ ಜೊತೆ ಬಾಯಿ ಮಾತಿನ ಒಪ್ಪಂದ ಮಾಡಿಕೊಳ್ಳಬೇಡಿ. ಸದ್ದು ಉಳಿಯುತ್ತದೆ, ದೂರು ಮತ್ತೆ ಬರುತ್ತದೆ, ಬಾಡಿಗೆ ಮಾತ್ರ ಮೇಲೇರುವುದಿಲ್ಲ.

ಸ್ಲ್ಯಾಬ್ ಸದ್ದು

ಅಂಟಿಸುವ ಫೆಲ್ಟ್ ಬೇಡ. ನೆಲ ಒರೆಸುವ ನೀರಿಗೆ ಅಂಟು ಬಿಡುತ್ತದೆ, ಎಳೆದಾಗ ಪಕ್ಕಕ್ಕೆ ಜಾರಿ ಮರ ಮತ್ತೆ ಟೈಲ್ಸ್‌ಗೆ ತಾಗುತ್ತದೆ. ಮರದ ಕಾಲಿಗೆ ಮೊಳೆ ಅಥವಾ ಸ್ಕ್ರೂ ಇರುವ ಫೆಲ್ಟ್, ಕಬ್ಬಿಣದ ಕೊಳವೆ ಕಾಲಿಗೆ ಕಾಲಿನ ಹೊರ ಅಳತೆಗೆ ಸರಿಯಾಗಿ ಕೂರುವ ರಬ್ಬರ್ ಬುಷ್. ಬುಷ್ ಒಳಗೆ ಒಂದು ವಾಷರ್ ಇಲ್ಲದಿದ್ದರೆ ಕೊಳವೆಯ ಅಂಚು ಕೆಲವೇ ತಿಂಗಳಲ್ಲಿ ರಬ್ಬರನ್ನು ಕತ್ತರಿಸಿ ಹೊರಬರುತ್ತದೆ. ಫೆಲ್ಟ್‌ನಲ್ಲಿ ಮರಳು ಕೂತರೆ ಗಟ್ಟಿಯಾಗಿ ಮತ್ತೆ ಕರಕರ ಶುರು, ಜೊತೆಗೆ ಟೈಲ್ಸ್ ಮೇಲೂ ಗೀರು. ಮೂರು ತಿಂಗಳಿಗೊಮ್ಮೆ ಕುರ್ಚಿ ತಲೆಕೆಳಗು ಮಾಡಿ ನೋಡಿ.

ಊಟದ ಮೇಜಿನ ಕೆಳಗೆ, ಓಡಾಡುವ ದಾರಿಯಲ್ಲಿ ದಪ್ಪ ಕಾರ್ಪೆಟ್, ಅದರ ಅಡಿಗೆ ರಬ್ಬರ್ ಅಥವಾ ಕಾರ್ಕ್ ಹಾಸು. ಇದು ಕುರ್ಚಿ, ಬಿದ್ದ ಪಾತ್ರೆ, ಚಪ್ಪಲಿ ಸದ್ದನ್ನು ತುಂಬಾ ತಗ್ಗಿಸುತ್ತದೆ. ಹಿಮ್ಮಡಿಯ ಧಡ್ ಅಷ್ಟಾಗಿ ತಗ್ಗುವುದಿಲ್ಲ, ಮೆತ್ತನೆ ಅಡಿಯ ಮನೆ ಚಪ್ಪಲಿ ಅದಕ್ಕೆ ಹೆಚ್ಚು ಉಪಕಾರಿ. ಮೇಲಿನವರ ಟಿವಿಯೋ ಮಾತೋ ಕೇಳುತ್ತಿದ್ದರೆ ಕಾರ್ಪೆಟ್ ಏನೂ ಮಾಡದು. ಕೆಳಗಿನ ಮನೆಯ ಸೂರಿಗೆ ಸ್ಪಂಜು, ಮೊಟ್ಟೆ ಟ್ರೇ ಅಂಟಿಸುವುದೂ ವ್ಯರ್ಥ. ಅದು ಆ ಕೋಣೆಯೊಳಗಿನ ಪ್ರತಿಧ್ವನಿ ತಗ್ಗಿಸುತ್ತದೆಯೇ ಹೊರತು ಮೇಲಿನಿಂದ ಬರುವುದನ್ನು ತಡೆಯುವುದಿಲ್ಲ.

ಎದುರು ಬದುರು ಬಾಗಿಲಿನ ಮನೆಗಳ ದೂರಿಗೂ ಒಂದು ಮಾತು ಸೇರಿಸುತ್ತೇನೆ. ಬಾಗಿಲ ಕೆಳಗೆ 10 ಮಿ.ಮೀ. ಸಂದಿದ್ದರೆ ಬಾಗಿಲು ಎಷ್ಟೇ ದಪ್ಪವಿದ್ದರೂ ಒಟ್ಟಾರೆ ಸುಮಾರು 23 ಡೆಸಿಬಲ್‌ಗಿಂತ ಹೆಚ್ಚು ತಡೆಯಲಾರದು. ಹೊಸ ಬಾಗಿಲಿಗೆ ದುಡ್ಡು ಸುರಿಯುವ ಮುಂಚೆ ಕೆಳಗೆ ಒಂದು ರಬ್ಬರ್ ಪಟ್ಟಿ, ಚೌಕಟ್ಟಿನ ಸುತ್ತ ಸೀಲ್. ಬಾಗಿಲು ಧಡಾರ್ ಅಂತ ಬಡಿಯುತ್ತಿದ್ದರೆ ಮೇಲಿನ ಹೈಡ್ರಾಲಿಕ್ ಕ್ಲೋಸರ್‌ನಲ್ಲಿ ಸಾಮಾನ್ಯವಾಗಿ ಎರಡು ಸ್ಕ್ರೂ ಇರುತ್ತವೆ: ಒಂದು ಬಾಗಿಲು ಬರುವ ವೇಗಕ್ಕೆ, ಇನ್ನೊಂದು ಕೊನೆಯ ಗೇಣಿನ ವೇಗಕ್ಕೆ. ಬಡಿತ ತಗ್ಗಿಸಲು ಎರಡನೆಯದನ್ನು ಕಾಲು ಸುತ್ತಿಗಿಂತ ಹೆಚ್ಚಿಲ್ಲದಂತೆ ತಿರುಗಿಸಿ ನೋಡುತ್ತಾ ಹೋಗಿ.

ಎದುರುಮನೆ

ಮಗು ಅಳುವುದು, ನಾಯಿ ಬೊಗಳುವುದು, ಇದಕ್ಕೆಲ್ಲ ಏನು ಮಾಡುವುದು? ಫೆಲ್ಟ್ ಹಚ್ಚಲು ಆಗುವುದಿಲ್ಲವಲ್ಲ.

ಕರಾರು ಪತ್ರ

ಮಗು ಅಳುವುದು, ಶೌಚಾಲಯದ ನೀರು, ಸಾಮಾನ್ಯ ನಡಿಗೆ, ಬೆಳಗಿನ ಮಿಕ್ಸಿ ಇವು ಬದುಕಿನ ಸದ್ದು. ಇದಕ್ಕೆ ನೋಟಿಸ್ ಕೊಡಬಾರದು, ಕೊಟ್ಟರೂ ನಿಲ್ಲುವುದಿಲ್ಲ. ತೊಟ್ಟಿಲನ್ನು ಹಂಚಿಕೊಂಡ ಗೋಡೆಯಿಂದ ಈಚೆ ಜರುಗಿಸಲು ಹೇಳಬಹುದು, ದೂರು ಕೊಟ್ಟವರಿಗೆ ಮಂಚದ ತಲೆಭಾಗ ಆ ಗೋಡೆಯಿಂದ ತೆಗೆಯಲು ಹೇಳಬಹುದು, ಅಷ್ಟೇ. ಆಗ ತಾನೇ ಹೆತ್ತ ಮನೆಯವರಿಗೆ ದೂರಿನ ಮೇಲೆ ದೂರು ತಲುಪಿಸುವುದು ಅವರ ಕಷ್ಟಕ್ಕೆ ಇನ್ನೊಂದು ಹೊರೆ ಹಾಕಿದ ಹಾಗೆ, ಅಲ್ಲಿ ಮಾಲೀಕರು ತಡೆಗೋಡೆಯಾಗಿ ನಿಲ್ಲಬೇಕು. ನಾಯಿಯ ವಿಷಯ ಬೇರೆ. ಮನೆಯವರು ಹೊರಗೆ ಹೋದಾಗ ಮಾತ್ರ ಬೊಗಳುತ್ತಿದ್ದರೆ ಅವರಿಗೆ ಅದು ಗೊತ್ತೇ ಇರುವುದಿಲ್ಲ. ಹೊತ್ತಿನ ಪಟ್ಟಿ ಕೊಟ್ಟು, ಹೊರಗೆ ಹೋಗುವಾಗ ಮನೆಯಲ್ಲೇ ಒಂದು ಫೋನ್ ರೆಕಾರ್ಡಿಂಗ್‌ಗೆ ಇಟ್ಟು ಹೋಗಲು ಹೇಳಿ. ಅವರೇ ಕೇಳಿಸಿಕೊಂಡರೆ ವಾದ ಬರುವುದಿಲ್ಲ.

ಗೋಡೆಯಾಚೆ ಹೊಡೆದ ಸದ್ದು, ಕಾಪಾಡಿ ಅನ್ನುವ ಕೂಗು, ಮತ್ತೆ ಮತ್ತೆ ಬಿದ್ದ ಸದ್ದು ಕೇಳಿದರೆ ಅದು ಗದ್ದಲದ ದೂರಲ್ಲ. ಹಾಳೆ, ಪರೀಕ್ಷೆ, ನೋಟಿಸ್ ಎಲ್ಲ ಬಿಟ್ಟು ಪೊಲೀಸರಿಗೆ ಫೋನ್. ಆ ಮನೆಯವರಿಗೆ ‘ನಿಮ್ಮ ಮೇಲೆ ದೂರು ಬಂದಿದೆ’ ಅಂತ ಮಾಲೀಕರು ಮೊದಲೇ ತಿಳಿಸಿಬಿಟ್ಟರೆ ಒಳಗಿರುವವರಿಗೆ ಅಪಾಯ ಹೆಚ್ಚುತ್ತದೆ.

ನೋಟಿಸ್ ಬೇಕಾಗುವುದು ಹೇಳಿದ ಮೇಲೂ ನಿಲ್ಲಿಸದ, ನಿಲ್ಲಿಸಲು ಸಾಧ್ಯವಿರುವ ಸದ್ದಿಗೆ: ರಾತ್ರಿ ಹಾಡು, ಪಾರ್ಟಿ, ಬೇಕೆಂದೇ ಕುಟ್ಟುವುದು. ಮೊದಲು ಮಾತಿನಲ್ಲಿ ಹೇಳಿ, ಹೇಳಿದ್ದನ್ನು ಅದೇ ದಿನ ಮೆಸೇಜಿನಲ್ಲಿ ಬರೆದು ಕಳಿಸಿ. ಮುಂದುವರಿದರೆ ಪತ್ರ. ಪತ್ರದಲ್ಲಿ ಕರಾರಿನ ಯಾವ ಷರತ್ತು, ಯಾವ್ಯಾವ ತಾರೀಕು, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತು, ಏನು ಬದಲಾಗಬೇಕು, ಮತ್ತೆ ಯಾವ ದಿನ ನೋಡುತ್ತೇನೆ ಅಂತ ಇರಬೇಕು. ‘ಅಕ್ಕಪಕ್ಕದವರಿಗೆಲ್ಲ ತೊಂದರೆ ಕೊಡುತ್ತಿದ್ದೀರಿ’ ಅನ್ನುವ ಪತ್ರಕ್ಕೆ ಬೆಲೆ ಇಲ್ಲ. 14 ದಿನ ಬಿಟ್ಟು ನೋಡಿ ಎರಡನೇ ಪತ್ರ, ಅದರಲ್ಲಿ ಮೊದಲ ಪತ್ರದ ತಾರೀಕು ಇರಲಿ. ಅದರಾಚೆ ಖಾಲಿ ಮಾಡಿಸುವ ಮಾತು ಬಂದರೆ ವಕೀಲರನ್ನು ಕೇಳಿಯೇ ಹೆಜ್ಜೆ ಇಡಿ. ನೀರು ಕರೆಂಟ್ ನಿಲ್ಲಿಸುವುದು, ಬೀಗ ಬದಲಿಸುವುದು, ಅಡ್ವಾನ್ಸ್‌ನಲ್ಲಿ ದಂಡ ಹಿಡಿದುಕೊಳ್ಳುವುದು, ಇವು ಮಾಡಿದರೆ ಅಲ್ಲಿಗೆ ತಪ್ಪಿತಸ್ಥರು ನೀವಾಗುತ್ತೀರಿ. ದೂರು ಕೊಟ್ಟವರೇ ಕಿರಿಕಿರಿ ಅಂತ ಅವರನ್ನು ಬಿಡಿಸುವುದಂತೂ ತೀರಾ ಅನ್ಯಾಯ. ಸದ್ದು ಅಲ್ಲೇ ಉಳಿದಿರುತ್ತದೆ, ಮುಂದೆ ಬರುವವರಿಗೂ ಅದೇ ಪಾಡು.

ಹೊಸ ಕರಾರು ಬರೆಯುವಾಗ ‘ಗದ್ದಲ ಮಾಡಕೂಡದು’ ಅಂತ ಬರೆಯಬೇಡಿ, ಗದ್ದಲ ಅಂದರೇನು ಅಂತಲೇ ಜಗಳ ಶುರುವಾಗುತ್ತದೆ. ಹೀಗೆ ಬರೆಯಿರಿ: ‘ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ, ಎರಡೂ ಮನೆಯ ಬಾಗಿಲು ಕಿಟಕಿ ಮುಚ್ಚಿರುವಾಗ, ಪಕ್ಕದ ಮನೆಯೊಳಗೆ ಪದವೋ ತಾಳವೋ ಗುರುತು ಸಿಗುವಷ್ಟು ಹಾಡು, ಟಿವಿ ಇರಬಾರದು. ಈ ಹೊತ್ತಿನಲ್ಲಿ ವಾಷಿಂಗ್ ಮಷೀನ್, ಡ್ರಿಲ್ ಬಳಸಬಾರದು. ಕುರ್ಚಿ ಮೇಜಿನ ಕಾಲಿಗೆ ಫೆಲ್ಟ್ ಅಥವಾ ಬುಷ್ ಇರಬೇಕು.’ ಎರಡೂ ಮನೆಯ ಕರಾರಿನಲ್ಲಿ ಅಕ್ಷರಕ್ಕೆ ಅಕ್ಷರ ಇದೇ ಇರಲಿ. ರಾತ್ರಿ ಪಾಳಿಯವರಿದ್ದರೆ ಅವರ ಜೊತೆ ಹೊತ್ತನ್ನು ಬೇರೆಯಾಗಿ ಮಾತಾಡಿ ಬರೆಯಿರಿ.

ಕೆಳಮನೆ ಕಿವಿ

ಮೇಲಿನ ಮನೆ ಬೇರೆ ಮಾಲೀಕರದಾಗಿದ್ದರೆ?

ಬಾಡಿಗೆ ಕಡತ

ಆಗ ನಿಮ್ಮ ಮಾಲೀಕರು ಆ ಮಾಲೀಕರಿಗೆ ಬರೆಯಬೇಕು, ನೀವು ನೇರವಾಗಿ ಆ ಬಾಡಿಗೆದಾರರ ಬೆನ್ನು ಹತ್ತಬೇಡಿ. ಹಾಳೆಯ ಪ್ರತಿ, ಪರೀಕ್ಷೆಗೆ ಕೋರಿಕೆ, ಉತ್ತರಕ್ಕೆ ಒಂದು ತಾರೀಕು. ನಿವಾಸಿಗಳ ಸಂಘವಿದ್ದರೆ ಅದಕ್ಕೂ ಒಂದು ಪ್ರತಿ. ಪಂಪು, ಕೊಳವೆ, ಲಿಫ್ಟ್ ಹಂಚಿಕೊಂಡ ಸೌಕರ್ಯವಾದ್ದರಿಂದ ಆ ದೂರು ನೇರ ಸಂಘಕ್ಕೇ ಹೋಗಲಿ.

ಎರಡು ಮನೆ ಮಾಲೀಕ

ಫೆಲ್ಟ್, ಬುಷ್ ಹಚ್ಚಿಸಿದ್ದೇನೆ. ಪಂಪಿಗೆ ಪ್ಯಾಡ್ ಮತ್ತು ರಬ್ಬರ್ ಜೋಡಣೆ ನಾಳೆ. ಕೆಲಸ ಆಯಿತೋ ಇಲ್ಲವೋ ಅಂತ ಹೇಗೆ ತಿಳಿಯುವುದು? ಕೆಳಗಿನವರನ್ನು ಸುಮ್ಮನೆ ಕೇಳಿದರೆ ಸಾಕೇ?

ಸ್ಲ್ಯಾಬ್ ಸದ್ದು

‘ಈಗ ಸರಿಯಾಯ್ತಾ’ ಅಂತ ಕೇಳಿದರೆ ಸಂಕೋಚಕ್ಕೆ ‘ಹ್ಞೂಂ’ ಅನ್ನುವವರೂ ಉಂಟು, ಬೇಸತ್ತು ‘ಏನೂ ಆಗಿಲ್ಲ’ ಅನ್ನುವವರೂ ಉಂಟು. ಅದೇ ಹಾಳೆ ಇನ್ನೊಂದು ವಾರ ತುಂಬಲಿ, ಮೊದಲ ಹಾಳೆಯ ಪಕ್ಕ ಇಟ್ಟು ನೋಡಿ. ಚೀಟಿ ಪರೀಕ್ಷೆಯನ್ನೂ ಇನ್ನೊಮ್ಮೆ ಮಾಡಿ, ಅದೇ ಹೊತ್ತಿಗೆ, ಅದೇ ಕುರ್ಚಿಯಲ್ಲಿ, ನಿಮಿಷಗಳನ್ನು ಮಾತ್ರ ಅದಲು ಬದಲು ಮಾಡಿ.

ಪೈಪು ಪಂಪು

ಪ್ಯಾಡ್ ಹಾಕುವ ಮುಂಚೆ ಅದರ ದಪ್ಪ ಅಳೆದು ಗೋಡೆ ಮೇಲೆ ಪೆನ್ಸಿಲ್‌ನಲ್ಲಿ ಬರೆದಿಡಿ. ಹಾಕಿದ ಮೇಲೆ ಮತ್ತೆ ಅಳೆಯಿರಿ. ವ್ಯತ್ಯಾಸ 1 ಮಿ.ಮೀ. ಇದ್ದರೆ ಸರಿ, ಏನೂ ಇಲ್ಲದಿದ್ದರೆ ಪ್ಯಾಡ್ ತೀರಾ ಗಟ್ಟಿ, ಅದೇ ದಿನ ಹಿಂದಿರುಗಿಸಿ ಮೆತ್ತನೆಯದು ತನ್ನಿ.